ಸೋತ ಪಕ್ಷಕ್ಕೆ ಯಾರು ನಾಯಕರಾಗಬೇಕು? ಲೇಬರ್ ಸದಸ್ಯರಾದ ಕನ್ನಡಿಗರಿಗೊಂದು ಹೋಲಿಕೆಯ ಕೈಪಿಡಿ

ಬ್ರಿಟನ್ನಿನ ಲೇಬರ್ ಪಕ್ಷದಲ್ಲಿ ನಾಯಕತ್ವ ಬದಲಾವಣೆಯ ಮಾತು ಎದ್ದಾಗಲೆಲ್ಲ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ "ಯಾರಿಗೆ ಹಾಕೋದು?" ಎಂಬ ಪ್ರಶ್ನೆ ಓಡಾಡಲು ಶುರುವಾಗುತ್ತದೆ. ಒಬ್ಬರಿಗೆ ಚೆನ್ನಾಗಿ ಮಾತಾಡುವವರು ಬೇಕು, ಇನ್ನೊಬ್ಬರಿಗೆ ಹೇಗಾದರೂ ಗೆಲ್ಲುವವರು ಬೇಕು, ಮತ್ತೊಬ್ಬರಿಗೆ ತತ್ವ ಬಿಡದವರು ಬೇಕು. ಮೂರೂ ನ್ಯಾಯವಾದ ಆಸೆಗಳೇ. ಆದರೆ 1980ರಿಂದ 2020ರವರೆಗೆ ಈ ಪಕ್ಷ ಸೋತು ಕೂತಾಗಲೆಲ್ಲ ಯಾರ್‍ಯಾರನ್ನು ಆರಿಸಿತು, ಆಮೇಲೆ ಏನಾಯಿತು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವ ಅಳತೆಗೋಲು ಬೇರೆ. ಈ ಅಭ್ಯರ್ಥಿ ಪಕ್ಷದ ಒಳಗೆ ಸದಸ್ಯರಿಗೆ ಹೇಳುವ ಮಾತನ್ನೇ ಹೊರಗೆ ಮತದಾರರಿಗೂ ಹೇಳುತ್ತಾರಾ? ಹೇಳಿದರೆ, ಸಂಸದರು ಅವರ ಹಿಂದೆ ನಿಲ್ಲುತ್ತಾರಾ? ಮಾತಿನ ಚಾತುರ್ಯ, ವಯಸ್ಸು, ಟಿವಿಯಲ್ಲಿ ಹೇಗೆ ಕಾಣುತ್ತಾರೆ ಎಂಬುದೆಲ್ಲ ಈ ಎರಡು ಪ್ರಶ್ನೆ ಮುಗಿದ ಮೇಲೆ.

ಮತ ಯಾರಿಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳೋಣ

ಇದು ನಮ್ಮದಲ್ಲದ ದೇಶದ ರಾಜಕೀಯ ಎಂದು ದೂರ ನಿಲ್ಲುವವರು ನಮ್ಮಲ್ಲಿ ಬಹಳ. ನಿಲ್ಲಬೇಕಾಗಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತದ ಪಾಸ್‌ಪೋರ್ಟಿನವರೂ ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಕಲಬುರಗಿಯಿಂದ ಬಂದ ಡಾ. ನೀರಜ್ ಪಾಟೀಲ್ ಲೇಬರ್ ಪಕ್ಷದಿಂದ ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆಗಿದ್ದರು. ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ನಿಂತದ್ದು ಅವರ ಓಡಾಟದಿಂದಲೇ.

ಪಕ್ಷದ ನಾಯಕರನ್ನು ಆರಿಸುವ ಮತ ಎರಡು ದಾರಿಯಲ್ಲಿ ಬರುತ್ತದೆ. ಒಂದು, ನೇರ ಸದಸ್ಯತ್ವ. ಇನ್ನೊಂದು, ಪಕ್ಷದ ಅಂಗವಾಗಿರುವ ಕಾರ್ಮಿಕ ಸಂಘದ ಮೂಲಕ. ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮವರು ಇದನ್ನು ಗಮನಿಸಬೇಕು: ಯುನಿಸನ್, ಯುನೈಟ್, ಜಿಎಂಬಿ ಇವು ಲೇಬರ್‌ಗೆ ಸೇರಿಕೊಂಡ ಸಂಘಗಳು, ವೈದ್ಯರ ಬಿಎಂಎ, ದಾದಿಯರ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಅಲ್ಲ. ಸಂಘದ ಚಂದಾ ಕಟ್ಟುತ್ತಿದ್ದೇನೆ, ಮತ ತಾನಾಗಿ ಬರುತ್ತದೆ ಎಂದು ಸುಮ್ಮನಿದ್ದರೆ ಬರುವುದಿಲ್ಲ. ಪಕ್ಷದ ಬೆಂಬಲಿಗ ಎಂದು ಬೇರೆಯಾಗಿ ಹೆಸರು ಕೊಟ್ಟಿರಬೇಕು. ನೇರ ಸದಸ್ಯರಿಗೂ 2021ರಿಂದ ಒಂದು ಷರತ್ತು ಬಂದಿದೆ: ಆರು ತಿಂಗಳು ಮುಂಚೆಯೇ ಸೇರಿರಬೇಕು. ಚುನಾವಣೆ ಘೋಷಣೆಯಾದ ಮೇಲೆ ಓಡಿಹೋಗಿ ಸದಸ್ಯರಾದರೆ ಪ್ರಯೋಜನವಿಲ್ಲ.

ಈ ಮತದ ತೂಕ ಸಣ್ಣದಲ್ಲ. 2022ರ ಅಕ್ಟೋಬರಿನಲ್ಲಿ ನಮ್ಮ ಮಲ್ಲಿಕಾರ್ಜುನ ಖರ್ಗೆಯವರಿಗೂ ಶಶಿ ತರೂರ್ ಅವರಿಗೂ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ ನಡೆದಾಗ ಬಿದ್ದ ಮತ 9,385. ಮತದ ಹಕ್ಕು ಇದ್ದದ್ದು ಪ್ರದೇಶ ಕಾಂಗ್ರೆಸ್ ಸಮಿತಿಗಳ ಪ್ರತಿನಿಧಿಗಳಿಗೆ. 2020ರ ಲೇಬರ್ ಚುನಾವಣೆಯಲ್ಲಿ ಬಿದ್ದ ಮತ 4,90,000ಕ್ಕೂ ಹೆಚ್ಚು. ಅಲ್ಲಿ ಸಾಮಾನ್ಯ ಸದಸ್ಯನ ಮತಕ್ಕೂ ಮಾಜಿ ಪ್ರಧಾನಿಯ ಮತಕ್ಕೂ ಬೆಲೆ ಒಂದೇ. 1980ರವರೆಗೆ ಹೀಗಿರಲಿಲ್ಲ; ಸಂಸದರೇ ಕೂತು ಆರಿಸುತ್ತಿದ್ದರು. ಆಮೇಲೆ ಸಂಸದರು, ಸಂಘಗಳು, ಸದಸ್ಯರು ಎಂದು ಪಾಲು ಹಂಚಿದರು. 2014ರಲ್ಲಿ ಒಬ್ಬರಿಗೆ ಒಂದೇ ಮತ ಎಂಬ ನಿಯಮ ಬಂತು.

ಸೋಲಿಗೆ ಕಾರಣ ಏನೆನ್ನುತ್ತಾರೆ?

ಅಭ್ಯರ್ಥಿಗಳನ್ನು ಹೋಲಿಸಲು ಪ್ರಣಾಳಿಕೆಯಿಂದ ಶುರು ಮಾಡಬೇಡಿ. ಹೋದ ಸಲ ಪಕ್ಷ ಯಾಕೆ ಸೋತಿತು ಎಂಬುದಕ್ಕೆ ಅವರು ಕೊಡುವ ವಿವರಣೆಯಿಂದ ಶುರು ಮಾಡಿ. ಪ್ರಣಾಳಿಕೆಯನ್ನು ಸಹಾಯಕರು ಬರೆದುಕೊಡಬಹುದು, ಸೋಲಿನ ವಿವರಣೆ ಮಾತ್ರ ಅವರ ಬಾಯಿಂದಲೇ ಬರಬೇಕು.

2019ರ ಡಿಸೆಂಬರ್ ಸೋಲನ್ನೇ ನೋಡಿ. ಲೇಬರ್‌ಗೆ ಸಿಕ್ಕಿದ್ದು 202 ಸ್ಥಾನ. 1935ರ ನಂತರ ಅಷ್ಟು ಕೆಳಗೆ ಇಳಿದದ್ದೇ ಇಲ್ಲ. ಹೋದ ಕ್ಷೇತ್ರಗಳ ಹೆಸರು ಓದಿದರೆ ಪಕ್ಷದ ಚರಿತ್ರೆಯನ್ನೇ ಓದಿದ ಹಾಗೆ: ಗಣಿ ಕಾರ್ಮಿಕರ ಬೋಲ್ಸೋವರ್, ಅಲ್ಲಿ ಡೆನಿಸ್ ಸ್ಕಿನ್ನರ್ 1970ರಿಂದ ಗೆಲ್ಲುತ್ತ ಬಂದಿದ್ದರು, ಟೋನಿ ಬ್ಲೇರ್ ಪ್ರತಿನಿಧಿಸಿದ್ದ ಸೆಡ್ಜ್‌ಫೀಲ್ಡ್, ಆಂಡಿ ಬರ್ನಮ್ ಅವರ ಹಳೆಯ ಕ್ಷೇತ್ರ ಲೀ. ಅಪ್ಪ, ಅಜ್ಜ ಎಲ್ಲರೂ ಲೇಬರ್‌ಗೇ ಹಾಕಿದ ಮನೆಗಳು ಕೈಬಿಟ್ಟವು.

ಮುಂದಿನ ತಿಂಗಳು ಕಣಕ್ಕಿಳಿದವರು ಇದಕ್ಕೆ ಕೊಟ್ಟ ಉತ್ತರಗಳು ಬೇರೆಬೇರೆಯಾಗಿದ್ದವು. ರೆಬೆಕಾ ಲಾಂಗ್-ಬೈಲಿ ಸೋತ ನಾಯಕ ಜೆರೆಮಿ ಕಾರ್ಬಿನ್ ಅವರಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟರು. ವಿಗನ್ ಸಂಸದೆ ಲೀಸಾ ನ್ಯಾಂಡಿ, ಪಕ್ಷ ದೊಡ್ಡ ನಗರಗಳ ಪಕ್ಷವಾಗಿ ಸಣ್ಣ ಪಟ್ಟಣಗಳನ್ನು ಮರೆತಿದೆ ಎಂದರು. ಬಸ್ಸಿಲ್ಲದ, ಮುಖ್ಯಬೀದಿ ಮುಚ್ಚಿದ ಊರುಗಳ ಮಾತಾಡಿದರು. ಕೀರ್ ಸ್ಟಾರ್ಮರ್ ಕಾರ್ಬಿನ್ ಕಾಲದ ಧೋರಣೆಯನ್ನು ಬಿಟ್ಟುಕೊಡದೆ, ಪಕ್ಷದ ಒಳಜಗಳ ನಿಲ್ಲಬೇಕು ಎಂಬುದಕ್ಕೆ ಒತ್ತು ಕೊಟ್ಟರು. ಮತ ಬಿದ್ದದ್ದು ಸ್ಟಾರ್ಮರ್‌ಗೆ ಶೇ 56.2, ಲಾಂಗ್-ಬೈಲಿಗೆ ಶೇ 27.6, ನ್ಯಾಂಡಿಗೆ ಶೇ 16.2. ಸೋಲನ್ನು ಅತಿ ಹತ್ತಿರದಿಂದ ಕಂಡು ಹೇಳಿದವರು ನ್ಯಾಂಡಿ ಎಂದೇ ನನ್ನ ಅಭಿಪ್ರಾಯ. ಅವರಿಗೇ ಮೂರನೇ ಸ್ಥಾನ. ಸದಸ್ಯರಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಸಮಾಧಾನ.

ಆ ಚಳಿಗಾಲದಲ್ಲಿ ನಮ್ಮ ಕ್ಷೇತ್ರದ ಪಕ್ಷ ಘಟಕದ ಸಭೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಸೇರಿತ್ತು. ಯಾವ ಅಭ್ಯರ್ಥಿಯ ಹೆಸರನ್ನು ಘಟಕ ಸೂಚಿಸಬೇಕು ಎಂದು ತೀರ್ಮಾನಿಸುವ ಸಭೆ. ಒಬ್ಬೊಬ್ಬರ ಪರವಾಗಿ ಒಬ್ಬೊಬ್ಬ ಸದಸ್ಯರು ಎದ್ದು ಎರಡು ಮೂರು ನಿಮಿಷ ಮಾತಾಡಿದರು. ಎಲ್ಲರಿಗೂ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದ ಹಿರಿಯರೊಬ್ಬರು ಕೊನೆಗೆ ಎದ್ದರು. ಈಗ ನೀವು ಹೇಳಿದ್ದರಲ್ಲಿ ಎಷ್ಟನ್ನು ನನ್ನ ಬೀದಿಯಲ್ಲಿ ಬಾಗಿಲು ತಟ್ಟಿ ಹೇಳುತ್ತೀರಿ ಎಂದು ಕೇಳಿದರು. ಸಭಾಂಗಣವೆಲ್ಲ ಗಪ್‌ಚಿಪ್. ಅಭ್ಯರ್ಥಿಗಳನ್ನು ಹೋಲಿಸಲು ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಇನ್ನೂ ಕೇಳಿಲ್ಲ. ಮುಂದೆ ಬರೆಯುವುದೆಲ್ಲ ಆ ಪ್ರಶ್ನೆಯನ್ನು ಹಳೆಯ ಆಯ್ಕೆಗಳ ಮೇಲೆ ಇಟ್ಟು ನೋಡುವ ಪ್ರಯತ್ನ.

ಎಲ್ಲರನ್ನೂ ಸಮಾಧಾನ ಮಾಡುವ ಹಿರಿಯರು

1979ರಲ್ಲಿ ಮಾರ್ಗರೆಟ್ ಥ್ಯಾಚರ್ ಎದುರು ಸೋತ ಲೇಬರ್, ಮರುವರ್ಷ ಜೇಮ್ಸ್ ಕ್ಯಾಲಹನ್ ರಾಜೀನಾಮೆ ಕೊಟ್ಟಾಗ ಹೊಸ ನಾಯಕನನ್ನು ಹುಡುಕಿತು. ಕಣದಲ್ಲಿ ಮುಖ್ಯವಾಗಿ ಇಬ್ಬರು. ಡೆನಿಸ್ ಹೀಲಿ, ಐದು ವರ್ಷ ಹಣಕಾಸು ಸಚಿವರಾಗಿದ್ದವರು, 1976ರಲ್ಲಿ ಐಎಂಎಫ್ ಸಾಲ ತಂದು ಖರ್ಚು ಕಡಿತ ಮಾಡಿದವರು, ಬಾಯಿ ಒರಟು. ಮೈಕೆಲ್ ಫುಟ್, 67ರ ಹಿರಿಯ, ಎಡಪಂಥದ ಪ್ರೀತಿಪಾತ್ರ, ಅದ್ಭುತ ವಾಗ್ಮಿ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ಆಗ ಮತ ಹಾಕುವವರು ಸಂಸದರು ಮಾತ್ರ. ಮೊದಲ ಸುತ್ತಿನಲ್ಲಿ ಹೀಲಿ 112, ಫುಟ್ 83. ಎರಡನೆಯದರಲ್ಲಿ ಫುಟ್ 139, ಹೀಲಿ 129.

ಹೀಲಿ ಸೋತದ್ದರಲ್ಲಿ ಅವರದೇ ಪಾಲು ದೊಡ್ಡದು. ತನ್ನ ಬಣದವರು ಬೇರೆಲ್ಲಿಗೆ ಹೋಗುತ್ತಾರೆ ಎಂಬ ಧಾಟಿಯಲ್ಲಿ ನಡೆದುಕೊಂಡರು. ಅವರು ಹೋದರು. ಪಕ್ಷ ಬಿಡಲು ತಯಾರಾಗಿದ್ದ ಕೆಲವು ಸಂಸದರು, ಪಕ್ಷ ಬೇಗ ಹೋಳಾಗಲಿ ಎಂದೇ ಫುಟ್‌ಗೆ ಮತ ಹಾಕಿದ್ದಾಗಿ ಆಮೇಲೆ ಒಪ್ಪಿಕೊಂಡರು. 1981ರ ಆರಂಭದಲ್ಲೇ ರಾಯ್ ಜೆಂಕಿನ್ಸ್, ಡೇವಿಡ್ ಓವನ್, ಶರ್ಲಿ ವಿಲಿಯಮ್ಸ್, ಬಿಲ್ ರಾಜರ್ಸ್ ಎಂಬ ಲೇಬರ್‌ನ ಹಿರಿಯರು ಹೊರನಡೆದು ಎಸ್‌ಡಿಪಿ (ಸೋಷಿಯಲ್ ಡೆಮಾಕ್ರಟಿಕ್ ಪಾರ್ಟಿ) ಕಟ್ಟಿದರು. ಒಗ್ಗಟ್ಟಿಗಾಗಿ ಆರಿಸಿದ ನಾಯಕನ ಕಣ್ಣೆದುರೇ ಪಕ್ಷ ಒಡೆಯಿತು.

ಫುಟ್ ಕಾಲದ ನೆನಪಾಗಿ ಉಳಿದದ್ದು ಒಂದು ಕೋಟು. 1981ರ ನವೆಂಬರಿನಲ್ಲಿ ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಅವರು ಹಸಿರು ಬಣ್ಣದ ಗಿಡ್ಡ ಕೋಟು ಹಾಕಿಕೊಂಡು ಬಂದರು. ಹೆಂಡತಿ ಕೊಂಡುಕೊಟ್ಟ ಒಳ್ಳೆಯ ಕೋಟೇ ಅದು. ಕೂಲಿಕೆಲಸದವರ ಕೋಟು ಹಾಕಿ ಹುತಾತ್ಮರಿಗೆ ಅವಮಾನ ಮಾಡಿದರು ಎಂದು ಪತ್ರಿಕೆಗಳು ಹರಿಹಾಯ್ದವು. ಆ ಕೋಟು ಈಗ ಮ್ಯಾಂಚೆಸ್ಟರಿನ ಪೀಪಲ್ಸ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ನನಗೆ ಇದರಲ್ಲಿ ಕಾಣುವುದು ಪತ್ರಿಕೆಗಳ ಕ್ರೌರ್ಯ ಮಾತ್ರವಲ್ಲ. ಹೊರಗಿನವರ ಕಣ್ಣಿಗೆ ನಾಯಕ ಹೇಗೆ ಕಾಣುತ್ತಾನೆ ಎಂದು ಯೋಚಿಸುವ ಒಬ್ಬರೂ ಆ ಕಚೇರಿಯಲ್ಲಿ ಇರಲಿಲ್ಲ, ಏಕೆಂದರೆ ಅವರನ್ನು ಆರಿಸಿದ್ದೇ ಒಳಗಿನವರ ನೆಮ್ಮದಿಗಾಗಿ. 1983ರಲ್ಲಿ ಲೇಬರ್‌ಗೆ ಶೇ 27.6 ಮತ, 209 ಸ್ಥಾನ. ಎಸ್‌ಡಿಪಿ-ಲಿಬರಲ್ ಕೂಟ ಶೇ 25.4 ಮತ ಪಡೆದು ಲೇಬರ್‌ನ ಹತ್ತಿರಕ್ಕೇ ಬಂದು ನಿಂತಿತ್ತು.

ಯಾರಾದರೂ "ಇವರಾದರೆ ಎಲ್ಲರಿಗೂ ಒಪ್ಪಿಗೆ" ಎಂದು ನಿಮ್ಮ ಮುಂದೆ ಒಂದು ಹೆಸರು ಇಟ್ಟರೆ, ಎಲ್ಲರು ಅಂದರೆ ಯಾರು ಎಂದು ಕೇಳಿ. ಆ ಪಟ್ಟಿಯಲ್ಲಿ ಪಕ್ಷ ಬಿಟ್ಟುಹೋದ ಮತದಾರರು ಇದ್ದಾರಾ?

ಮನೆಯವರಿಗೆ ಕಹಿ ಹೇಳುವವರು

ಫುಟ್ ನಂತರ ಬಂದ ನೀಲ್ ಕಿನ್ನಕ್ ಕೂಡ ಎಡಪಂಥದವರೇ, ವೇಲ್ಸ್‌ನ ಗಣಿ ಕಾರ್ಮಿಕನ ಮಗ. 1985ರ ಅಕ್ಟೋಬರಿನಲ್ಲಿ ಬೋರ್ನ್‌ಮತ್‌ನಲ್ಲಿ ನಡೆದ ಪಕ್ಷದ ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣವನ್ನು ಸಾಧ್ಯವಾದರೆ ಹುಡುಕಿ ನೋಡಿ. ಆಗ ಲಿವರ್‌ಪೂಲ್ ನಗರಸಭೆ ಮಿಲಿಟೆಂಟ್ ಎಂಬ ಟ್ರಾಟ್‌ಸ್ಕಿವಾದಿ, ಅಂದರೆ ಕಟ್ಟಾ ಎಡಪಂಥದ, ಗುಂಪಿನ ಕೈಯಲ್ಲಿತ್ತು. ಸರ್ಕಾರದ ಜೊತೆ ಬಜೆಟ್ ಜಗಳಕ್ಕೆ ಬಿದ್ದು, ದುಡ್ಡು ಮುಗಿದು, ತನ್ನದೇ ಸಾವಿರಾರು ನೌಕರರಿಗೆ ಕೆಲಸದಿಂದ ತೆಗೆಯುವ ನೋಟಿಸು ಕೊಟ್ಟಿತ್ತು. ಲೇಬರ್ ಆಡಳಿತದ ನಗರಸಭೆಯೊಂದು ಟ್ಯಾಕ್ಸಿ ಬಾಡಿಗೆಗೆ ಹಿಡಿದು ತನ್ನದೇ ಕಾರ್ಮಿಕರಿಗೆ ಆ ನೋಟಿಸು ಹಂಚಿಸಿತು ಎಂದು ಕಿನ್ನಕ್ ವೇದಿಕೆಯಿಂದ ಹೇಳಿದಾಗ ಸಭೆಯಲ್ಲಿ ಅರ್ಧ ಚಪ್ಪಾಳೆ, ಅರ್ಧ ಕೂಗಾಟ. ಲಿವರ್‌ಪೂಲಿನ ಡೆರೆಕ್ ಹ್ಯಾಟನ್ ಕೂತಲ್ಲಿಂದಲೇ ಅರಚಿದರು. ಸಂಸದ ಎರಿಕ್ ಹೆಫರ್ ವೇದಿಕೆಯಿಂದ ಎದ್ದು ಹೊರನಡೆದರು. ಟಿವಿಯಲ್ಲಿ ದೇಶವೆಲ್ಲ ಅದನ್ನು ನೋಡಿತು.

ಆ ಮಾತು ಪಕ್ಷದ ಸಮ್ಮೇಳನದಲ್ಲೇ ಹೊರಬಿತ್ತು. ಪತ್ರಕರ್ತರ ಕಿವಿಯಲ್ಲಿ ಹೇಳಿ, ಸದಸ್ಯರ ಎದುರು ಬೇರೆ ಹೇಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

ಆದರೆ ಕಿನ್ನಕ್ ಎರಡು ಸಲ ಸೋತರಲ್ಲ ಎನ್ನುತ್ತೀರಿ. ಹೌದು, 1987ರಲ್ಲೂ 1992ರಲ್ಲೂ ಸೋತರು. ಅಂಕಿಗಳನ್ನು ನೋಡಿ: 209 ಸ್ಥಾನದಿಂದ 229, ಅಲ್ಲಿಂದ 271. ಮತ ಶೇ 27.6ರಿಂದ ಶೇ 34.4ಕ್ಕೆ. ಅವರು ಬರದಿದ್ದರೆ 1997ರ ಗೆಲುವು ಇಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬ್ರಿಟನ್ ಏಕಪಕ್ಷೀಯವಾಗಿ ಅಣ್ವಸ್ತ್ರ ತ್ಯಜಿಸಬೇಕು ಎಂದು ಜೀವಮಾನವಿಡೀ ನಂಬಿದ್ದ ಅದೇ ಕಿನ್ನಕ್, 1980ರ ದಶಕದ ಕೊನೆಗೆ ಆ ನಿಲುವನ್ನು ಕೈಬಿಟ್ಟರು. ಅದನ್ನೂ ಪಕ್ಷದ ಮುಂದಿಟ್ಟು, ವಾದಿಸಿ, ಒಪ್ಪಿಸಿಯೇ ಕೈಬಿಟ್ಟರು. ಮನಸ್ಸು ಬದಲಾಯಿಸುವುದನ್ನು ನಾನು ತಪ್ಪೆನ್ನುವುದಿಲ್ಲ. ಬದಲಾದದ್ದನ್ನು ಯಾರ ಮುಂದೆ ಒಪ್ಪಿಕೊಳ್ಳುತ್ತಾರೆ ಎಂಬುದನ್ನು ನೋಡಬೇಕು.

ಆಮೇಲೆ ಬಂದ ಜಾನ್ ಸ್ಮಿತ್ ಎರಡು ವರ್ಷ ತುಂಬುವ ಮುನ್ನವೇ, 1994ರ ಮೇ 12ರಂದು ತೀರಿಕೊಂಡರು. ಟೋನಿ ಬ್ಲೇರ್ ಬಂದರು. ಬ್ಲೇರ್ ಹೆಸರು ಕೇಳಿದರೆ ಇರಾಕ್ ಯುದ್ಧ ನೆನಪಾಗಿ ಹಲವರಿಗೆ ಮೈ ಉರಿಯುತ್ತದೆ; ನನಗೂ ಉರಿಯುತ್ತದೆ. ಆದರೆ 1994-95ರಲ್ಲಿ ಅವರು ಮಾಡಿದ್ದನ್ನು ಬೇರೆಯಾಗಿ ತೂಗಬೇಕು. ಉತ್ಪಾದನಾ ಸಾಧನಗಳೆಲ್ಲ ಸಾರ್ವಜನಿಕ ಒಡೆತನದಲ್ಲಿರಬೇಕು ಎಂಬ, 1918ರಿಂದ ಪಕ್ಷದ ಸಂವಿಧಾನದಲ್ಲಿದ್ದ ನಾಲ್ಕನೇ ವಿಧಿ ಸದಸ್ಯತ್ವದ ಚೀಟಿಯ ಮೇಲೇ ಅಚ್ಚಾಗಿರುತ್ತಿತ್ತು. ನಾಯಕತ್ವದ ಪ್ರಚಾರದಲ್ಲಿ ಬ್ಲೇರ್ ಅದನ್ನು ತಿದ್ದುವುದಾಗಿ ಹೇಳಿರಲಿಲ್ಲ, ಆ ಮಟ್ಟಿಗೆ ಅವರ ಲೆಕ್ಕವೂ ಶುದ್ಧವಲ್ಲ. ಗೆದ್ದ ಮೇಲೆ ಮಾತ್ರ ಊರೂರು ತಿರುಗಿ ಸದಸ್ಯರ ಸಭೆಗಳಲ್ಲಿ ನಿಂತು ವಾದಿಸಿದರು. 1995ರ ಏಪ್ರಿಲಿನ ವಿಶೇಷ ಸಮ್ಮೇಳನದಲ್ಲಿ ಸುಮಾರು ಶೇ 65 ಮತದಿಂದ ತಿದ್ದುಪಡಿ ಪಾಸಾಯಿತು. 1997ರಲ್ಲಿ ಸಿಕ್ಕಿದ್ದು 418 ಸ್ಥಾನ, ಶೇ 43.2 ಮತ.

ನಂಬಿದ್ದಕ್ಕೆ ನಿಂತವರು, ಆದರೆ ಒಂಟಿಯಾಗಿ

2015ರ ಸೋಲು ಇನ್ನೊಂದು ಬಗೆಯದು. ಸ್ಕಾಟ್ಲೆಂಡಿನಲ್ಲಿ ಇದ್ದ 41 ಸ್ಥಾನಗಳಲ್ಲಿ 40 ಹೋದವು. ಎಡ್ ಮಿಲಿಬ್ಯಾಂಡ್ ರಾಜೀನಾಮೆ ಕೊಟ್ಟರು. ಆಂಡಿ ಬರ್ನಮ್, ಯವೆಟ್ ಕೂಪರ್, ಲಿಜ್ ಕೆಂಡಲ್ ಕಣದಲ್ಲಿದ್ದರು. ಅಭ್ಯರ್ಥಿಯಾಗಲು 35 ಸಂಸದರ ಸೂಚನೆ ಬೇಕಿತ್ತು. ಜೂನ್ 15ರ ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ಕೊನೆಯ ನಿಮಿಷಗಳಲ್ಲಿ ಜೆರೆಮಿ ಕಾರ್ಬಿನ್ ಹೆಸರಿಗೆ 36 ಸಹಿ ಬಿತ್ತು. ಸಹಿ ಹಾಕಿದವರಲ್ಲಿ ಹಲವರು ಅವರ ಬೆಂಬಲಿಗರೇ ಅಲ್ಲ. ಎಡಪಂಥದ ದನಿಯೂ ಚರ್ಚೆಯಲ್ಲಿ ಇರಲಿ ಎಂದು ಕೊಟ್ಟ ಸಾಲದ ಸಹಿಗಳು. ಸೆಪ್ಟೆಂಬರಿನಲ್ಲಿ ಮೊದಲ ಸುತ್ತಿನಲ್ಲೇ ಶೇ 59.5 ಮತದಿಂದ ಕಾರ್ಬಿನ್ ಗೆದ್ದರು. ಸದಸ್ಯರಾಗದೆ ಮೂರು ಪೌಂಡ್ ಕಟ್ಟಿ ಬೆಂಬಲಿಗರಾಗಿ ಮತ ಹಾಕಿದವರಿಂದ ಗೆದ್ದರು ಎಂಬ ಮಾತು ಇವತ್ತಿಗೂ ಕೇಳಿಬರುತ್ತದೆ. ಆದರೆ ಪೂರ್ಣ ಸದಸ್ಯರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಅವರಿಗೇ ಹಾಕಿದ್ದರು.

ಕೇಳಿದವರ ಕಿವಿಗೆ ಕಾರ್ಬಿನ್ ಮಾತು ಹೊಸ ಗಾಳಿ. ಉಳಿದ ಮೂವರು ಪ್ರತಿ ವಾಕ್ಯವನ್ನೂ ಅಳೆದು ಸುರಿದು ಆಡುವಾಗ, ಈ ಮನುಷ್ಯ ಮೂವತ್ತು ವರ್ಷಗಳಿಂದ ಹೇಳುತ್ತಿದ್ದದ್ದನ್ನೇ ಹೇಳುತ್ತಿದ್ದರು. ಒಳಗೂ ಹೊರಗೂ ಒಂದೇ ಮಾತು ಎಂಬ ನನ್ನ ಮೊದಲ ಪ್ರಶ್ನೆಗೆ ಅವರಿಗೆ ಪೂರ್ಣ ಅಂಕ. 2017ರಲ್ಲಿ ಪಕ್ಷಕ್ಕೆ ಶೇ 40 ಮತ ಬಂತು, 1.28 ಕೋಟಿಗೂ ಹೆಚ್ಚು ಜನರ ಮತ. ಅದನ್ನು ಆಕಸ್ಮಿಕ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ.

ಎಡವಿದ್ದು ಎರಡನೇ ಪ್ರಶ್ನೆಯಲ್ಲಿ. 2016ರ ಜೂನಿನಲ್ಲಿ, ಬ್ರೆಕ್ಸಿಟ್ ಜನಮತಗಣನೆಯಾದ ಐದನೇ ದಿನ, ಸಂಸದರು ನಾಯಕನ ಮೇಲೆ ಅವಿಶ್ವಾಸ ಮತ ಹಾಕಿದರು: ವಿರುದ್ಧ 172, ಪರ 40. ಸದಸ್ಯರು ಸೆಪ್ಟೆಂಬರಿನಲ್ಲಿ ಶೇ 61.8 ಮತ ಕೊಟ್ಟು ಅದೇ ನಾಯಕನನ್ನು ಮತ್ತೆ ಕೂರಿಸಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಮೂರೂವರೆ ವರ್ಷ ಹಾಗೇ ನಡೆಯಿತು. ಅದರ ಮೇಲೆ ಯಹೂದಿ ದ್ವೇಷದ ದೂರುಗಳನ್ನು ಪಕ್ಷ ನಿಭಾಯಿಸಿದ ರೀತಿ ಬೇರೆ. ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ 2020ರಲ್ಲಿ ಪಕ್ಷ ಕಾನೂನು ಮೀರಿದೆ ಎಂದೇ ವರದಿ ಕೊಟ್ಟಿತು. ಮತ್ತು ಬ್ರೆಕ್ಸಿಟ್. ಒಳಗೂ ಹೊರಗೂ ಒಂದೇ ಮಾತಾಡುತ್ತಿದ್ದ ನಾಯಕನಿಗೆ ಆ ಒಂದು ವಿಷಯದಲ್ಲಿ ಮಾತೇ ಸ್ಪಷ್ಟವಿರಲಿಲ್ಲ, ಮತದಾರ ಕೇಳಿದ್ದೂ ಅದನ್ನೇ.

ಹಾಗಾಗಿ ಸೂಚಕ ಸಂಸದರ ಪಟ್ಟಿ ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ. ಎಷ್ಟು ಸಹಿ ಎಂಬುದಕ್ಕಿಂತ ಯಾರ ಸಹಿ ಎಂಬುದನ್ನು ನೋಡಿ. ಎಲ್ಲ ಒಂದೇ ಬಣದವರಾ? ಬೇರೆ ಬಣದ ಇಬ್ಬರು ಮೂವರಾದರೂ ಮನಸ್ಸಿನಿಂದ ಬಂದಿದ್ದಾರಾ? 2021ರ ತಿದ್ದುಪಡಿಯಿಂದ ಈಗ ಶೇ 20ರಷ್ಟು ಸಂಸದರ ಸೂಚನೆ ಬೇಕು. ಸಾಲದ ಸಹಿಯಿಂದ ಒಬ್ಬರನ್ನು ಒಳಗೆ ತರುವುದು ಕಷ್ಟವಾಗಿದೆ. ಇದರಿಂದ ಕಾರ್ಬಿನ್ ಥರದವರ ಬಾಗಿಲು ಮುಚ್ಚಿತು ಎಂಬ ದೂರು ನಿಜ. ಆದರೆ ಸಂಸದರಿಗೆ ಬೇಡವಾದ ನಾಯಕ ಸಂಸತ್ತಿನಲ್ಲಿ ಏನು ಮಾಡಲು ಸಾಧ್ಯ ಎಂಬುದನ್ನೂ ನಾವು ನೋಡಿದ್ದೇವೆ. ಐದರಲ್ಲಿ ಒಂದು ಪಾಲು ಅತಿಯಾಯಿತು, ಹತ್ತರಲ್ಲಿ ಒಂದು ಸಾಕಾಗಿತ್ತು ಎಂದು ನನ್ನ ಅನಿಸಿಕೆ.

ಒಳಗೊಂದು, ಹೊರಗೊಂದು

ಕೀರ್ ಸ್ಟಾರ್ಮರ್ ಆಯ್ಕೆಯನ್ನು ತೂಗುವುದು ಎಲ್ಲಕ್ಕಿಂತ ಕಷ್ಟ. ಯಾಕೆಂದರೆ ಅವರು ಗೆದ್ದರು. 202 ಸ್ಥಾನದ ಪಕ್ಷವನ್ನು ನಾಲ್ಕೇ ವರ್ಷದಲ್ಲಿ 411ಕ್ಕೆ ಏರಿಸಿದರು.

2020ರಲ್ಲಿ ಅವರು ಸದಸ್ಯರಿಗೆ ಹತ್ತು ವಾಗ್ದಾನ ಕೊಟ್ಟರು. ಹೆಚ್ಚು ಆದಾಯದ ಶೇ 5 ಜನರಿಗೆ ಆದಾಯ ತೆರಿಗೆ ಏರಿಕೆ, ವಿಶ್ವವಿದ್ಯಾಲಯದ ಶುಲ್ಕ ರದ್ದು, ರೈಲು-ಅಂಚೆ-ವಿದ್ಯುತ್-ನೀರು ಸಾರ್ವಜನಿಕ ಒಡೆತನಕ್ಕೆ ಎಂಬುವು ಅದರಲ್ಲಿದ್ದವು. ಕಾರ್ಬಿನ್‌ಗೆ ಹಾಕಿದ್ದ ಬಹಳಷ್ಟು ಸದಸ್ಯರು ಅದನ್ನು ಓದಿಯೇ ಅವರಿಗೆ ಹಾಕಿದರು. ಮುಂದೆ ಒಂದೊಂದಾಗಿ ಬಹುಪಾಲು ಬಿಟ್ಟುಹೋದವು. ರೈಲಿನ ಮಾತು ಮಾತ್ರ ಉಳಿದು, 2024ರಲ್ಲಿ ಕಾನೂನಾಯಿತು. ಕೋವಿಡ್ ಬಂತು, ಆರ್ಥಿಕತೆ ಕುಸಿಯಿತು, ಪರಿಸ್ಥಿತಿ ಬದಲಾಯಿತು ಎಂಬುದು ಅವರ ಸಮರ್ಥನೆ. ಅದರಲ್ಲಿ ಸತ್ಯವಿದೆ. ಆದರೆ ಕಿನ್ನಕ್ ಬೋರ್ನ್‌ಮತ್‌ನಲ್ಲಿ ಮಾಡಿದ ಹಾಗೆ ಸದಸ್ಯರ ಎದುರು ನಿಂತು, ನಾನು ಅಂದು ಹೇಳಿದ್ದು ಈಗ ಸರಿಯಿಲ್ಲ, ಯಾಕೆ ಎಂದರೆ ಹೀಗೆ ಎಂದು ವಾದಿಸಿ ಗೆದ್ದುಕೊಂಡ ಬದಲಾವಣೆ ಅದಾಗಿರಲಿಲ್ಲ.

ಅದರ ಬೆಲೆ ಕೂಡಲೇ ಕಾಣಲಿಲ್ಲ. 2024ರ ಫಲಿತಾಂಶವನ್ನು ಬಿಡಿಸಿ ನೋಡಿ: 411 ಸ್ಥಾನ ಬಂದದ್ದು ಶೇ 33.7 ಮತದಿಂದ. ಸುಮಾರು 97 ಲಕ್ಷ ಮತ, 2017ರಲ್ಲಿ ಸೋತಾಗ ಬಿದ್ದದ್ದಕ್ಕಿಂತ 30 ಲಕ್ಷ ಕಡಿಮೆ. ಎದುರಾಳಿಗಳು ಹರಿದು ಹಂಚಿಹೋಗಿದ್ದರಿಂದ ಸ್ಥಾನ ಸಿಕ್ಕಿತು, ಪ್ರೀತಿ ಸಿಗಲಿಲ್ಲ. ಅಧಿಕಾರಕ್ಕೆ ಬಂದ ತಿಂಗಳಲ್ಲೇ ಬಹುಪಾಲು ಪಿಂಚಣಿದಾರರ ಚಳಿಗಾಲದ ಇಂಧನ ಭತ್ಯೆ ನಿಲ್ಲಿಸುವ ತೀರ್ಮಾನ ಬಂತು. ಪ್ರಣಾಳಿಕೆಯಲ್ಲಿ ಅದು ಇರಲಿಲ್ಲ. ಮರುವರ್ಷ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 2025ರ ಬೇಸಿಗೆಯಲ್ಲಿ ಅಂಗವಿಕಲರ ಭತ್ಯೆ ಕಡಿತದ ಮಸೂದೆಗೆ ಸ್ವಂತ ಪಕ್ಷದ 120ಕ್ಕೂ ಹೆಚ್ಚು ಸಂಸದರು ತಿರುಗಿಬಿದ್ದರು, ಸರ್ಕಾರ ಬಗ್ಗಿತು. ರಂಕಾರ್ನ್ ಉಪಚುನಾವಣೆಯಲ್ಲಿ ವಲಸೆ ವಿರೋಧಿ ಬಲಪಂಥದ ರಿಫಾರ್ಮ್ ಪಕ್ಷದ ಎದುರು ಆರೇ ಆರು ಮತದಿಂದ ಸ್ಥಾನ ಹೋಯಿತು. ಬಿಕ್ಕಟ್ಟು ಬಂದಾಗ ಇವರು ನಮ್ಮವರು, ಸ್ವಲ್ಪ ತಾಳೋಣ ಎನ್ನುವ ಸದಸ್ಯರ ಪಡೆ ಬೇಕಾಗುತ್ತದೆ. ಆ ಹೊತ್ತಿಗೆ ಅದು ಕರಗಿಹೋಗಿತ್ತು.

ಹಾಗಾದರೆ 2020ರಲ್ಲಿ ಸ್ಟಾರ್ಮರ್‌ಗೆ ಹಾಕಿದ್ದು ತಪ್ಪಾಯಿತಾ? ಆಯ್ಕೆ ತಪ್ಪಲ್ಲ, ನಾವು ಕೇಳಬೇಕಾದ್ದನ್ನು ಕೇಳಲಿಲ್ಲ. ಮುಖ್ಯ ಪ್ರಾಸಿಕ್ಯೂಟರ್ ಆಗಿದ್ದವರು, ಕಚೇರಿ ನಡೆಸಬಲ್ಲವರು, ಶಿಸ್ತಿನವರು, ಎಲ್ಲವೂ ಸರಿ. ಹತ್ತು ವಾಗ್ದಾನದಲ್ಲಿ ದುಡ್ಡು ಸಾಲದಿದ್ದರೆ ಯಾವುದನ್ನು ಮೊದಲು ಬಿಡುತ್ತೀರಿ, ಯಾವುದನ್ನು ಪ್ರಾಣ ಹೋದರೂ ಬಿಡುವುದಿಲ್ಲ ಎಂದು ಸಭೆಗಳಲ್ಲಿ ಒತ್ತಿ ಕೇಳಿದ್ದರೆ, ಅವರ ನಿಜವಾದ ರಾಜಕೀಯ ಆಗಲೇ ಬಯಲಾಗುತ್ತಿತ್ತು. ಆ ರಾಜಕೀಯ ಒಪ್ಪಿಗೆಯಾದವರು ಒಪ್ಪಿಯೇ ಹಾಕುತ್ತಿದ್ದರು.

ಮುಂದಿನ ಮತಪತ್ರ ಬಂದಾಗ

ಮುಂದಿನ ಸ್ಪರ್ಧೆ ಯಾವಾಗ ಬರಲಿ, ಯಾರೇ ನಿಲ್ಲಲಿ, ನಾನು ಹೋಲಿಸುವ ಕ್ರಮ ಇದು. ಮೊದಲು ಪ್ರತಿಯೊಬ್ಬರ ಎರಡು ಸಂದರ್ಶನ ನೋಡುತ್ತೇನೆ: ಒಂದು ಪಕ್ಷದ ಸದಸ್ಯರ ಸಭೆಯದು, ಇನ್ನೊಂದು ಪಕ್ಷವನ್ನು ಇಷ್ಟಪಡದ ಪತ್ರಿಕೆ ಅಥವಾ ವಾಹಿನಿಯದು. ವಲಸೆ, ತೆರಿಗೆ, ಭತ್ಯೆ ಈ ಮೂರರ ಬಗ್ಗೆ ಎರಡೂ ಕಡೆ ಏನು ಹೇಳಿದರು ಎಂದು ಪಕ್ಕಪಕ್ಕ ಬರೆದುಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ವಲಸೆಯ ವಿಷಯದಲ್ಲಿ ನಮ್ಮಂಥವರಿಗೆ ನೇರ ಸಂಬಂಧವೂ ಇದೆ. ನಮ್ಮ ಸಮುದಾಯ ಭವನಕ್ಕೆ ಬಂದು ಹಾರ ಹಾಕಿಸಿಕೊಂಡು ಹೊಗಳುವವರು ಮರುದಿನ ವೀಸಾ ನಿಯಮದ ಬಗ್ಗೆ ಏನು ಹೇಳಿದರು ಎಂಬುದನ್ನು ತಪ್ಪದೆ ನೋಡಿ.

ಎರಡನೆಯದು, ಸದಸ್ಯರಿಗೆ ಇಷ್ಟವಾಗದ ಒಂದು ಮಾತನ್ನಾದರೂ ಅಭ್ಯರ್ಥಿ ಈ ಪ್ರಚಾರದಲ್ಲಿ ಹೇಳಿದ್ದಾರಾ? ಒಂದೂ ಹೇಳಿಲ್ಲವಾದರೆ ಆ ಮಾತು ಗೆದ್ದ ಮೇಲೆ ಬರುತ್ತದೆ ಎಂದೇ ಲೆಕ್ಕ. ಹೇಳಿ ಚಪ್ಪಾಳೆ ಕಳೆದುಕೊಂಡವರಿದ್ದರೆ ಅವರನ್ನು ಗಂಭೀರವಾಗಿ ತೆಗೆದುಕೊಳ್ಳಿ, ಆ ಮಾತು ನಿಮಗೆ ಒಪ್ಪಿಗೆಯಾಗದಿದ್ದರೂ.

ಅಭಿಪ್ರಾಯ ಸಮೀಕ್ಷೆಗಳನ್ನು ನಾನು ಕೊನೆಗೆ ನೋಡುತ್ತೇನೆ. 2015ರಲ್ಲಿ ಕಾರ್ಬಿನ್ ಕಣಕ್ಕೆ ಇಳಿದಾಗ ಅವರನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಇವರೇ ಗೆಲ್ಲುತ್ತಾರಂತೆ ಎಂಬ ಮಾತಿಗೆ ಮರುಳಾಗಿ ಮತ ಹಾಕಿದರೆ ಆಮೇಲೆ ನಮಗೇ ಉತ್ತರ ಹೇಳಿಕೊಳ್ಳಲು ಆಗುವುದಿಲ್ಲ.

ಕಣದಲ್ಲಿ ಉಳಿಯಲು ಸಂಸದರ ಸಹಿ ಮಾತ್ರ ಸಾಲದು. ಕ್ಷೇತ್ರ ಘಟಕಗಳ ಅಥವಾ ಸಂಘಗಳ ಸೂಚನೆಯೂ ಬೇಕು. 2020ರಲ್ಲಿ 33 ಘಟಕಗಳು ಬೇಕಿದ್ದಾಗ ಎಮಿಲಿ ಥಾರ್ನ್‌ಬೆರಿಗೆ ಸಿಕ್ಕಿದ್ದು 31. ಎರಡು ಘಟಕಗಳ ಸಭೆಗೆ ನಾಲ್ಕು ಜನ ಹೆಚ್ಚು ಹೋಗಿದ್ದರೆ ಮತಪತ್ರದಲ್ಲಿ ನಾಲ್ಕನೇ ಹೆಸರು ಇರುತ್ತಿತ್ತೋ ಏನೋ. ಇಮೇಲಿನಲ್ಲಿ ಮತಪತ್ರ ಬರಲಿ ಎಂದು ಕಾಯದೆ ಆ ಚಳಿಯ ಸಭೆಗೆ ಹೋಗಿ ಕೂರುವುದು ಮುಖ್ಯ.

ಮತಪತ್ರದಲ್ಲಿ ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಹಾಗೆ 1, 2, 3 ಎಂದು ಪ್ರಾಶಸ್ತ್ಯದ ಸಂಖ್ಯೆ ಕೊಡಬೇಕು. ನಮ್ಮವರಲ್ಲಿ ಬಹಳ ಜನ 1 ಹಾಕಿ ಎದ್ದುಬಿಡುತ್ತಾರೆ. 2010ರಲ್ಲಿ ಮಿಲಿಬ್ಯಾಂಡ್ ಸಹೋದರರು ಎದುರುಬದುರಾದಾಗ ಅಣ್ಣ ಡೇವಿಡ್ ಮೊದಲ ಮೂರು ಸುತ್ತಿನಲ್ಲೂ ಮುಂದಿದ್ದರು. ಬೇರೆ ಅಭ್ಯರ್ಥಿಗಳು ಹೊರಬಿದ್ದು ಅವರ ಬೆಂಬಲಿಗರ ಮುಂದಿನ ಪ್ರಾಶಸ್ತ್ಯದ ಮತಗಳು ಹಂಚಿಕೆಯಾಗಿ, ನಾಲ್ಕನೇ ಸುತ್ತಿನಲ್ಲಿ ತಮ್ಮ ಎಡ್ ಶೇ 50.65 ಪಡೆದು ಗೆದ್ದರು. ಡೇವಿಡ್‌ಗೆ ಶೇ 49.35. ನಿಮ್ಮ ಮೊದಲ ಆಯ್ಕೆ ಗೆಲ್ಲುವವರಲ್ಲದಿದ್ದರೆ ನಿಮ್ಮ ಮತ ಎಣಿಕೆಯಾಗುವುದು ಆ ಎರಡನೇ ಸಂಖ್ಯೆಯಲ್ಲೇ. ಅದನ್ನು ಖಾಲಿ ಬಿಡಬೇಡಿ.